ಅಲೆತಡೆ ಗೋಡೆಯ ಕಡೆ ವಾಕಿಂಗ್

ಬುರೇಲಾ, ಗಲೀಸಿಯ
೧೧ ನವೆಂಬರ್ ೨೦೧೫

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಭುಜದ ನೋವು ಕಡಿಮೆಯಾಯಿತಾ, ಇಲ್ಲ ಬಲೆ ಎಳೆದೆಳೆದು ಮತ್ತೆ ಊದಿಸಿಕೊಂಡಿದ್ದೀಯಾ? ನೀವಿರುವ ದಕ್ಷಿಣದ ಸಮುದ್ರದಲ್ಲಿ ಈಗ ಬೇಸಿಗೆ ಹತ್ತಿರವಂತೆ, ಆದರೂ ಅಮ್ಮ ಉಣ್ಣೆ ಕಾಲುಚೀಲ ಕಳಿಸಿದ್ದಾಳೆ, ಹಾಕಿಕೋ. ಹಡಗಿಗೆ ಕಳಿಸಿದ ಮೆಸೇಜನ್ನು ನಿನಗಿಂತ ಮೊದಲು ಕ್ಯಾಪ್ಟನ್, ಅಡುಗೆಯವನು ಎಲ್ಲರೂ ಓದುತ್ತಾರಲ್ಲ, ಅದಕ್ಕೇ ಈ ಕಾಗದ. ನಿಮ್ಮ ಹಡಗಿನ ಬದಲಿ ಆಳುಗಳ ಜೊತೆ ಮೊಂಚೋ ನಾಳೆ ಮೊಂಟೆವಿಡಿಯೋಗೆ ವಿಮಾನ ಹತ್ತುತ್ತಾನೆ. ಇದನ್ನು ಕಾಲುಚೀಲದೊಳಗೆ ತುರುಕಿ ಅವನ ಕೈಗೆ ಕೊಡುತ್ತೇನೆ. ಜೊತೆಗೆ ಹಂದಿ ಸಾಸೇಜೂ ಇದೆ, ಅವನು ದಾರಿಯಲ್ಲಿ ತಿಂದು ಮುಗಿಸದಿದ್ದರೆ.

ಸಬೇಲಾ ಅತ್ತಿಗೆ ಚೆನ್ನಾಗಿದ್ದಾಳೆ ಅಂತ ಬರೆಯೋಣ ಅಂತಲೇ ಕೂತೆ. ಆಗುತ್ತಿಲ್ಲ.

ಚೀನಾದಿಂದ ಏನೂ ಸುದ್ದಿ ಇಲ್ಲ. ದತ್ತು ಮಗುವಿಗಾಗಿ ನೀವಿಬ್ಬರೂ ಅರ್ಜಿ ಹಾಕಿದಾಗ ನಾನು ಹೈಸ್ಕೂಲಲ್ಲಿದ್ದೆ. "ನಾನು ಸೋದರತ್ತೆ ಆಗ್ತೀನಿ" ಅಂತ ಕ್ಲಾಸಿಗೆಲ್ಲ ಮಿಠಾಯಿ ಹಂಚಿದ್ದೆ. ಈಗ ನನ್ನ ಕಾಲೇಜೂ ಮುಗಿಯಿತು. ಕಾಯುವವರ ವಾಟ್ಸಾಪ್ ಗುಂಪಿಗೆ ಅತ್ತಿಗೆಗಿಂತ ಹೆಚ್ಚು ಅಂಟಿಕೊಂಡವಳು ನಾನೇ, ಎಲ್ಲದಕ್ಕೂ ಕೆಂಪು ಹೃದಯ ಒತ್ತುವವಳೂ ನಾನೇ. ಮೊದಲೆಲ್ಲ ಅಲ್ಲಿ ಯಾರದೋ ಮನೆಗೆ ಬಂದ ಮಗುವಿನ ಫೋಟೋ ಬೀಳುತ್ತಿತ್ತು. ಈಗ ಇಂಥವರು ಗುಂಪು ಬಿಟ್ಟರು ಅನ್ನುವ ಸಾಲುಗಳಷ್ಟೇ. ಉಳಿದವರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಒಂದೇ: ಕಾಯುವಾಗ ನಿಮ್ಮನ್ನು ನೀವು ನೋಡಿಕೊಳ್ಳಿ, ವಾಕಿಂಗ್ ಹೋಗಿ, ಬಿಸಿನೀರಿನ ತೊಟ್ಟಿಯಲ್ಲಿ ಕೂರಿ. ಓದಿ ಹೇಳಿದರೆ ಅತ್ತಿಗೆ, "ಬಿಸಿನೀರಲ್ಲಿ ಕೂತ್ರೆ ಮಗು ಬರಲ್ಲ ಕಣೇ, ಏಡಿ ಬೇಯತ್ತೆ" ಅಂದಿದ್ದಳು. ಆಗಿನ್ನೂ ತಮಾಷೆ ಮಾಡುತ್ತಿದ್ದಳು.

ಈಗ ವಾಕಿಂಗ್ ಹೋಗುತ್ತಾಳೆ ಅಣ್ಣಾ, ಅದೇ ಭಯ. ಮೀನು ಡಬ್ಬಿ ಕಾರ್ಖಾನೆಯಲ್ಲಿ ಕೆಲಸ ಮುಗಿದರೆ ನೇರ ಬಂದರಿನ ಅಲೆತಡೆ ಗೋಡೆಗೆ. ಕಳೆದ ವಾರ ಗಾಳಿಗೆ ಅಲೆ ಗೋಡೆ ಹಾರಿ ಬೀಳುತ್ತಿತ್ತು. ತುದಿಯಲ್ಲಿ ನಿಂತಿದ್ದವಳನ್ನು ಬಂದರಿನ ಕಾವಲುಗಾರ ಕೈಹಿಡಿದು ಮನೆಗೆ ತಂದುಬಿಟ್ಟ. ಒದ್ದೆ ಬಟ್ಟೆಯಲ್ಲೇ ಕೂತು, "ಅಲ್ಲಿ ಸದ್ದು ಜೋರು. ತಲೆಯೊಳಗಿಂದು ಕೇಳ್ಸಲ್ಲ" ಅಂದಳು.

ಅಮ್ಮ ಅವಳನ್ನು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ಅವರು ಮಾತ್ರೆ ಬರೆಯಲು ಹೊರಟರೆ ಅತ್ತಿಗೆ ಅವರ ಕೈಯನ್ನೇ ಹಿಡಿದಳಂತೆ: "ಕಂಪ್ಯೂಟರಿಗೆ ಹಾಕ್ಬೇಡಿ, ನನ್ನ ಮಗು ಹೋಗತ್ತೆ!" ನಿನಗೆ ಗೊತ್ತಲ್ಲ, ಮನಸ್ಸಿಗೆ ಔಷಧಿ ತಗೊಳ್ಳುವವರಿಗೆ ಆ ದೇಶದವರು ಮಗು ಕೊಡುವುದಿಲ್ಲ. ಜನವರಿಯಲ್ಲಿ ಹೊಸ ವೈದ್ಯಕೀಯ ಸರ್ಟಿಫಿಕೇಟು ಕಳಿಸಬೇಕು. ನಿದ್ದೆ ಇಲ್ಲ, ಊಟ ಇಲ್ಲ, ಸರ್ಟಿಫಿಕೇಟಿನಲ್ಲಿ ಮಾತ್ರ ಅವಳು ಗಟ್ಟಿಮುಟ್ಟಾಗಿರಬೇಕು.

ನಾನು ಹೆಸರು ಹೇಳದೆ ಗುಂಪಿನಲ್ಲಿ ಕೇಳಿದೆ. "ಬೇರೆಯವರ ಹೆಸರಲ್ಲಿ ಬರೆಸಿ" ಅಂತ ಒಬ್ಬಳು ಉಪಾಯ ಹೇಳಿಕೊಟ್ಟಳು. ಸರಿ, ಕಣ್ಣಿಗೆ ಈರುಳ್ಳಿ ಉಜ್ಜಿಕೊಂಡು ನಾನೇ ಹೋಗಿ ಕೂತೆ, ಬದುಕೇ ಬೇಜಾರು ಅಂದೆ. ಡಾಕ್ಟರಮ್ಮ ನನ್ನನ್ನು ಹುಟ್ಟಿದಾಗಿನಿಂದ ನೋಡಿದವರು. "ಉಶಿಯಾ, ನಿನ್ನ ದುಃಖ ಈರುಳ್ಳಿ ನಾರ್ತಿದೆ. ಎದ್ದು ಹೋಗು, ಸಬೇಲಾನ್ನ ಕಳ್ಸು" ಅಂದರು.

ಬರಿಗೈಲಿ ಬಂದು ಅತ್ತಿಗೆಗೆ ಹೇಳಿದೆ. ಎಷ್ಟೋ ತಿಂಗಳ ಮೇಲೆ ನಕ್ಕಳು. "ನಿಂಗೆ ದುಃಖಾನಾ? ಸತ್ತವರ ಮನೇಲೂ ಇನ್ನೊಂದ್ಸಲ ಬಡಿಸಿ ಅನ್ನೋಳು ನೀನು!" ನಗುತ್ತಾ ನಗುತ್ತಾ ಅಳು ಶುರುವಾಯಿತು, ನಿಲ್ಲಲೇ ಇಲ್ಲ. "ಮಾತ್ರೆ ತಗೊಂಡ್ರೆ ಮಗಳು ಬರಲ್ಲ. ತಗೊಳ್ದಿದ್ರೆ ಅವಳು ಬರೋಷ್ಟ್ರಲ್ಲಿ ನಾನೇ ಇರಲ್ಲ. ಯಾವ್ದು ಮಾಡ್ಲಿ ಹೇಳೇ?" ಇದನ್ನು ಗುಂಪಿನಲ್ಲಿ ಕೇಳಲು ಮನಸ್ಸಾಗಲಿಲ್ಲ ಅಣ್ಣಾ.

ಇವತ್ತು ಹಬ್ಬ, ಊರೆಲ್ಲ ಬೀದಿಯಲ್ಲಿ ಚೆಸ್ಟ್‌ನಟ್ ಸುಟ್ಟು ಹೊಸ ವೈನ್ ಕುಡಿಯುತ್ತಿದೆ. ಅತ್ತಿಗೆ ಇಳಿದು ಹೋಗಲಿಲ್ಲ. ಅಮ್ಮ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತಿದ್ದಾಳೆ, ಹೆಣೆಯುವ ನೆಪದಲ್ಲಿ. ಗಂಟೆಯಿಂದ ಅದೇ ಸಾಲು ಬಿಚ್ಚಿ ಬಿಚ್ಚಿ ಹೆಣೆಯುತ್ತಿದ್ದಾಳೆ.

ಅಮ್ಮನ ಆಶೀರ್ವಾದ ನಿನಗೆ. ಡೆಕ್ಕಿನ ಮೇಲೆ ಜಾರಬೇಡ ಅಂತಲೂ ಬರೆಯಲು ಹೇಳಿದಳು.

ನಿನ್ನ ತಂಗಿ,
ಉಶಿಯಾ

ಮರೆತ ಮಾತು, ಬೆಳಿಗ್ಗೆ ಅವಸರದಲ್ಲಿ: ಮೊಂಚೋ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಮರೆತದ್ದೇನಲ್ಲ, ಈಗಷ್ಟೇ ಆದದ್ದು. ಆಸ್ಪತ್ರೆ ಬಾಗಿಲು ತೆಗೆಯುವ ಹೊತ್ತಿಗೇ ಅತ್ತಿಗೆ ಹೋಗಿ ತನ್ನ ಹೆಸರಲ್ಲೇ ಬರೆಸಿಕೊಂಡು ಮಾತ್ರೆ ತಂದಳು. ಅಡುಗೆಮನೆಯಲ್ಲಿ ನಿಂತು ನನ್ನೆದುರಿಗೇ ಮಾತ್ರೆ ನುಂಗಿದಳು. ಲೋಟ ತೊಳೆದು ಬೋರಲಿಟ್ಟಳು. "ಅವನಿಗೆ ಬರಿ. ನಾನು ಇರ್ತೀನಿ ಅಂತ ಬರಿ. ಮಗು ಬರಲ್ಲ ಅಂತಾನೂ ನೀನೇ ಬರಿ, ನನ್ ಕೈಲಾಗಲ್ಲ" ಅಂದಳು. ಬರೆದಿದ್ದೇನೆ ಅಣ್ಣಾ.