ಪಕ್ಷಮಾಸದ ಟೋಪಿ

ಶ್ರೀ

ರೇಲ್ವೆ ಕ್ವಾರ್ಟರ್ಸ್, ಬರೋಡಾ
2 ಮಾರ್ಚ್ 1963, ಶನಿವಾರ ಬೆಳಿಗ್ಗೆ

ಚಿರಂಜೀವಿ ಗಿರಿಜಾಳಿಗೆ ನಿನ್ನ ಅತ್ತೆಯ ಅನೇಕ ಆಶೀರ್ವಾದಗಳು.

ನಿನ್ನ ಮದುವೆಯಾಗಿ ನಾಲ್ಕು ವರ್ಷ. ನಿನಗೆ ಬರೆದ ಪ್ರತಿಯೊಂದು ಕಾಗದವನ್ನೂ ‘ಚಿ. ಸೌ.’ ಎಂದೇ ಶುರು ಮಾಡಿದ್ದೇನೆ. ಇವತ್ತು ‘ಚಿ.’ ಆದ ಮೇಲೆ ಪೆನ್ನು ಮುಂದೆ ಹೋಗಲಿಲ್ಲ. ಡಿಸೆಂಬರಿನಿಂದ ಈಚೆಗೆ ಬರೆದ ಕಾಗದಗಳಲ್ಲಿ ಆ ‘ಸೌ.’ ಸುಳ್ಳಾಗಿತ್ತು ಗಿರಿಜಾ. ಸುತ್ತಿ ಬಳಸಿ ಹೇಳುವ ಶಕ್ತಿ ನನಗಿಲ್ಲ. ಶ್ರೀಪಾದ ಇಲ್ಲ. ನವೆಂಬರ್ ಇಪ್ಪತ್ತನಾಲ್ಕಕ್ಕೆ ಅಸ್ಸಾಮಿನ ಮಿಲಿಟರಿ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ. ಚೀನಾದವರ ಕೈಗೆ ಸಿಕ್ಕಿರಬಹುದು, ಕೈದಿಗಳ ಯಾದಿ ಇನ್ನೂ ಬಂದಿಲ್ಲ ಎಂದು ನಿನಗೆ ಬರೆದದ್ದೆಲ್ಲ ನಾನು ಕಟ್ಟಿದ ಕಥೆ.

ಈ ಕಾಗದವನ್ನು ಟಪಾಲಿಗೆ ಹಾಕದೆ ಭೀಮಸೇನನ ಕೈಯಲ್ಲಿ ಕಳಿಸುತ್ತಿದ್ದೇನೆ. ಹನ್ನೊಂದರ ಗಾಡಿಗೆ ಅವನು ಅಹಮದಾಬಾದಿಗೆ ಹೊರಡುತ್ತಾನೆ. ನೀನು ಓದುವಾಗ ಹಾಸ್ಟೆಲಿನ ಗೇಟಿನ ಹತ್ತಿರ ಕೂತಿರುತ್ತಾನೆ. ಪೂರ್ತಿ ಓದು. ಆಮೇಲೆ ಅವನ ಜೊತೆ ಬರುವುದೋ ಬಿಡುವುದೋ ನಿನ್ನಿಷ್ಟ. ಬೈಯಬೇಕೆನಿಸಿದರೆ ಎದುರಿಗೆ ಬಂದು ನನ್ನನ್ನೇ ಬೈ, ಮೈದುನನ ಮೇಲೆ ಹಾಯಬೇಡ. ಅವನು ಮೊದಲ ದಿನದಿಂದಲೂ ಇದು ಬೇಡವೆಂದವನು.

ತಂತಿ ಬಂದದ್ದು ನವೆಂಬರ್ ಇಪ್ಪತ್ತೇಳು, ಮಂಗಳವಾರ ಮಧ್ಯಾಹ್ನ. ಹಿತ್ತಲಲ್ಲಿ ಚಳಿಗಾಲದ ಬಿಸಿಲಿಗೆ ಬೆನ್ನು ಕೊಟ್ಟು ನಾವು ನಾಲ್ಕೈದು ಹೆಂಗಸರು ಹೆಣೆಯುತ್ತ ಕೂತಿದ್ದೆವು. ಜವಾನರಿಗೆಂದು ಮಹಿಳಾ ಮಂಡಳಿಯವರು ಉಣ್ಣೆ ಹಂಚಿದ್ದರಲ್ಲ, ಕ್ವಾರ್ಟರ್ಸಿನ ಎಲ್ಲ ಮನೆಗಳಲ್ಲೂ ಆಗ ಅದೇ ಕೆಲಸ. ನೀನು ಬಿಟ್ಟುಹೋದ ಕಡ್ಡಿಗಳಿಂದ ನಾನೂ ಕಲಿತಿದ್ದೆ. ಮಡಿ ಹೆಂಗಸಿಗೆ ಈ ಉಸಾಬರಿ ಯಾಕೆ ಎಂದು ನೀನು ನಗುತ್ತಿದ್ದಿ. ಉಣ್ಣೆಗೆ ಮೈಲಿಗೆ ಹತ್ತುವುದಿಲ್ಲ ಎಂದು ಶಾಸ್ತ್ರದವರೇ ಬಿಟ್ಟುಕೊಟ್ಟಿರುವಾಗ ನಾನು ಯಾಕೆ ಬಿಡಲಿ? ಪಕ್ಕದ ಮನೆಯ ಹೀರಾಬೇನ್ ಸಿಗಡಿ ಒಲೆಯ ಕೆಂಡದಲ್ಲಿ ಗೆಣಸು ಹುಗಿದು ಕೂತಿರುತ್ತಿದ್ದಳು. ಹೆಣಿಗೆಯಲ್ಲಿ ನನಗೆ ಒಂದು ಮನೆ ತಪ್ಪಿದರೂ ಸಾಕು, ‘ಬಾ, ಫರೀಥಿ, ಫರೀಥಿ’, ಅಮ್ಮಾ, ಇನ್ನೊಮ್ಮೆ, ಇನ್ನೊಮ್ಮೆ, ಎಂದು ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದಳು. ಚಪ್ಪರದ ಮೇಲೆ ಅವರೆಬಳ್ಳಿ ತುಂಬ ಹೂ ಬಿಟ್ಟಿತ್ತು. ಸಂಜೆ ಸಜ್ಜೆ ರೊಟ್ಟಿ, ಬೆಲ್ಲ, ಬೆಣ್ಣೆ. ಯುದ್ಧದ ಚಿಂತೆ ಇತ್ತು, ಶ್ರೀಪಾದನ ಕಾಗದ ಬಾರದೆ ತಿಂಗಳಾಗಿತ್ತು, ಆದರೂ ಕೈಗೆ ಕೆಲಸವಿತ್ತು, ಸುತ್ತ ಮಂದಿ ಇದ್ದರು. ಹೇಳಲು ನಾಚಿಕೆಯಾಗುತ್ತದೆ, ತಂತಿ ಬರುವ ಮೊದಲಿನ ಹದಿನೈದು ದಿನ ನಾನು ಸುಖವಾಗಿಯೇ ಇದ್ದೆ. ಆಮೇಲೆ ಲೆಕ್ಕ ಹಾಕಿ ನೋಡಿದರೆ, ನಾನು ಬಿಸಿಗೆಣಸು ಊದಿಕೊಂಡು ತಿಂದ ಶನಿವಾರವೇ ಅವನು ಹೋದದ್ದು.

ತಂತಿ ನಿನ್ನ ಹೆಸರಿಗಿತ್ತು. ಭೀಮ ಒಡೆದು ಓದಿದ. ಓದಿದವನು ಕೂಡಲೇ ಚಪ್ಪಲಿ ಮೆಟ್ಟಿದ. ‘ಅವ್ವಾ, ಇದು ವೈನಿ ಹೆಸರಿಗೆ ಬಂದದ್ದು. ನಾ ಈಗಿಂದೀಗ ಅಹಮದಾಬಾದಿಗೆ ಹೋಗ್ತೀನಿ, ಮುಚ್ಚಿಡೂದು ಛೊಲೊ ಅಲ್ಲ’ ಅಂದ. ನಾನು ಬಾಗಿಲಿಗೆ ಅಡ್ಡ ಕೂತೆ. ಅಳು ಇನ್ನೂ ಬಂದಿರಲಿಲ್ಲ. ನನಗೆ ಮೊದಲು ನೆನಪಾದದ್ದು ನನ್ನ ಮಗನಲ್ಲ, ನಿನ್ನ ತಲೆ.

ನನಗೆ ಇಪ್ಪತ್ತಾರಾಗಿದ್ದಾಗ ನಿನ್ನ ಮಾವನವರು ಹೋದರು. ಭೀಮ ಇನ್ನೂ ಎದೆಹಾಲು ಕುಡಿಯುತ್ತಿದ್ದ. ಹತ್ತನೆಯ ದಿನ ಹಿತ್ತಲಲ್ಲಿ ಕೂಡಿಸಿ ತಲೆ ತೆಗೆಸಿದರು. ಪುಷ್ಯ ಮಾಸ. ಜನ ಕೆಂಪು ಸೀರೆಯನ್ನು ನೋಡುತ್ತಾರೆ, ಒಪ್ಪೊತ್ತು ಊಟದ ಮಾತಾಡುತ್ತಾರೆ. ಬೋಳು ತಲೆಗೆ ಚಳಿ ಹತ್ತುವುದನ್ನು ಯಾರೂ ಹೇಳುವುದಿಲ್ಲ. ಅದು ನೆತ್ತಿಯಿಂದ ಇಳಿದು ಹಲ್ಲಿನ ಬೇರಿಗೆ ಬರುತ್ತದೆ. ಸೆರಗು ಎಷ್ಟು ಸಲ ಎಳೆದುಕೊಂಡರೂ ಜಾರುತ್ತದೆ. ಮೂವತ್ತು ಚಳಿಗಾಲ ಹೀಗೇ ಕಳೆದಿದ್ದೇನೆ. ನನ್ನ ತಲೆಗೆ ಏನಾದರೂ ಬೇಕೇ ಎಂದು ಕೇಳಿದವಳು ನೀನೊಬ್ಬಳೇ. ಮದುವೆಯಾಗಿ ಬಂದ ಮೊದಲ ಚಳಿಗಾಲ ನೀನು ದಾರ ತಂದು ನನ್ನ ತಲೆಯ ಅಳತೆ ತೆಗೆದುಕೊಂಡಿದ್ದಿ. ವಿಧವೆಗೆ ಟೋಪಿ ಹಾಕಿ ಮಂಗ್ಯಾ ಮಾಡ್ತೀಯೇನ ಎಂದು ನಾನು ಗದರಿಸಿ ದಾರ ಕಿತ್ತುಕೊಂಡೆ.

ಈಗ ಕಾಲ ಬದಲಾಗಿದೆ, ನಿನ್ನ ಕೂದಲಿಗೆ ಯಾರೂ ಕೈ ಹಚ್ಚಲಿಕ್ಕಿಲ್ಲ. ಆದರೆ ಬಾಗಲಕೋಟೆಯಲ್ಲಿರುವ ನಿನ್ನ ಅಪ್ಪನನ್ನು ನಾನು ಬಲ್ಲೆ. ವೆಂಕಟಾಚಲರಾಯರು ಅಹಮದಾಬಾದಿನಲ್ಲಿ ಇಪ್ಪತ್ತು ವರ್ಷ ನೌಕರಿ ಮಾಡಿದರೂ ಅವರ ಮನೆಯಲ್ಲಿ ಇವತ್ತಿಗೂ ನಡೆಯುವುದು ನಿನ್ನ ಅಜ್ಜಿಯ ಮಾತು. ಸುದ್ದಿ ಮುಟ್ಟಿದ ಮರುದಿನವೇ ಬಂದು ಕರೆದೊಯ್ಯುತ್ತಿದ್ದರು. ವರ್ಷಪೂರ್ತಿ ಒಳಮನೆ. ಆಮೇಲೆ ಹೊರಗೆ ಬರುವ ಮನಸ್ಸು ನಿನಗೇ ಇರುತ್ತಿರಲಿಲ್ಲ, ಆ ಕೋಣೆ ಹಾಗೆ ಮಾಡುತ್ತದೆ. ಮಾಸ್ತರಿಣಿಯ ಪರೀಕ್ಷೆಗೆ ಮೂರೇ ತಿಂಗಳಿತ್ತು. ನಿನ್ನನ್ನು ಓದಿಸಬೇಕೆಂದು ಎಲ್ಲರ ಜೊತೆ ಜಗಳವಾಡಿದವನು ಶ್ರೀಪಾದ. ಅವನು ಉಳಿಸಿಹೋದದ್ದು ಅದೊಂದೇ. ಪರೀಕ್ಷೆ ಮುಗಿಯುವ ತನಕ ಬಾಯಿ ಬಿಡಬಾರದೆಂದು ಭೀಮನಿಂದ ಆಣೆ ಹಾಕಿಸಿಕೊಂಡೆ. ಬೀಗರಿಗೂ ತಿಳಿಸಲಿಲ್ಲ.

ಅವನ ಕರ್ಮವನ್ನು ಚಾಂದೋದಿನಲ್ಲಿ ನರ್ಮದೆಯ ದಂಡೆಯ ಮೇಲೆ ಮಾಡಿದೆವು. ನಾನು, ಭೀಮ, ಒಬ್ಬ ಗುಜರಾತಿ ಭಟ್ಟ. ಹೆಂಡತಿ ಎಲ್ಲಿ ಎಂದು ಭಟ್ಟ ಕೇಳಿದ. ಇಲ್ಲ ಎಂದೆ. ಆ ಮಾತಿಗೆ ಯಾವ ನರಕವಿದೆಯೋ ನೋಡಬೇಕು. ಸಂಕ್ರಾಂತಿಗೆ ಬರುತ್ತೇನೆಂದು ನೀನು ಬರೆದಾಗ, ಕ್ವಾರ್ಟರ್ಸಿನಲ್ಲೆಲ್ಲ ಅಮ್ಮ ಬಂದಿದ್ದಾಳೆ, ಭೀಮನ ಮೈಮೇಲೂ ಎದ್ದಿದೆ, ಬರಬೇಡ ಎಂದು ತಿಳಿಸಿದೆನಲ್ಲ. ಅವನಿಗೆ ಒಂದು ಗುಳ್ಳೆಯೂ ಎದ್ದಿರಲಿಲ್ಲ. ಸೂತಕದ ವರ್ಷ ಎಳ್ಳುಬೆಲ್ಲ ಮಾಡುವ ಹಾಗಿರಲಿಲ್ಲ, ನೀನು ಬಂದಿದ್ದರೆ ಒಲೆ ನೋಡಿಯೇ ತಿಳಿಯುತ್ತಿದ್ದಿ. ಆ ದಿನ ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಬಿಡುತ್ತಿತ್ತು, ನಾನು ಕದ ಹಾಕಿಕೊಂಡು ಹೆಣೆದೆ. ಭೀಮ ಸೂರತ್ತಿಗೆ ಡ್ಯೂಟಿಗೆ ಹೋದವನು ಪೋಂಕ್ ತಂದಿದ್ದ, ನಮ್ಮ ಸೀತನಿಯೇ ಅದು, ಎಳೆ ಜೋಳ, ಬಿಸಿಬಿಸಿ ಹುರಿದದ್ದು. ಅಣ್ಣನಿಗೆ ಪ್ರಾಣ ಎಂದು ರೂಢಿಯ ಮೇಲೆ ತಂದುಬಿಟ್ಟ, ಹೊಸ್ತಿಲು ದಾಟಿದ ಮೇಲೆ ಅವನಿಗೆ ನೆನಪಾಯಿತು. ಪೊಟ್ಟಣ ಬಿಚ್ಚಲಿಲ್ಲ. ಹೀರಾಬೇನಳ ಎಮ್ಮೆಗೆ ಹಾಕಿದೆವು.

ಇಷ್ಟರವರೆಗೆ ಹೇಳಿದ್ದಕ್ಕೆ ನಿನ್ನ ಕ್ಷಮೆ ಕೇಳುವುದಿಲ್ಲ. ನಾಳೆ ಮತ್ತೆ ಹೀಗಾದರೆ ಮತ್ತೆ ಹೀಗೇ ಮಾಡುತ್ತೇನೆ. ಕೇಳಬೇಕಾದದ್ದು ಬೇರೆ ಇದೆ. ಅದನ್ನು ಬರೆಯುವುದಕ್ಕೆ ಎರಡು ದಿನದಿಂದ ಹಾಳೆ ಹರಿಯುತ್ತಿದ್ದೇನೆ.

ಡಿಸೆಂಬರ್ ಮಧ್ಯದಲ್ಲಿ ಅವನ ಟ್ರಂಕು ಬಂತು. ಜೊತೆಗೆ ಅವನ ಆಫೀಸರನ ಕಾಗದ. ಭೀಮ ಓದಿ ಹೇಳಿದ. ಮೈಮೇಲೆ ಎಲ್ಲೂ ಗುಂಡು ತಾಗಿರಲಿಲ್ಲವಂತೆ. ವಾಯರ್‌ಲೆಸ್ ಪೆಟ್ಟಿಗೆ ಹೊತ್ತುಕೊಂಡು ಹಿಮದಲ್ಲಿ ದಿನಗಟ್ಟಲೆ ನಡೆದು ಬಂದನಂತೆ. ಬೆರಳು, ಕಿವಿ ಕಪ್ಪಾಗಿದ್ದವು, ಎದೆಗೆ ಚಳಿ ಇಳಿದಿತ್ತು. ಟ್ರಂಕಿನಲ್ಲಿ ಎರಡು ಅಂಗಿ, ನಿನ್ನ ಫೋಟೋ, ನಿನ್ನ ಕಾಗದಗಳು, ಎಲ್ಲದರ ಕೆಳಗೆ ಬಟ್ಟೆಯಲ್ಲಿ ಹೊಲಿದ ಒಂದು ಪಾರ್ಸೆಲು. ಮೇಲೆ ನಿನ್ನ ಅಕ್ಷರ. ಹೊಲಿಗೆ ಹಾಕಿದ್ದು ಹಾಕಿದ ಹಾಗೇ ಇತ್ತು, ಅರಗು ಒಡೆದಿರಲಿಲ್ಲ. ಅದು ಅವನ ಕೈಗೆ ಮುಟ್ಟಿಯೇ ಇರಲಿಲ್ಲ, ಟ್ರಂಕು ಕಳಿಸುವಾಗ ಅವನ ಪಲಟಣಿಯವರು ಒಳಗೆ ಸೇರಿಸಿದ್ದರು.

ಸೆಪ್ಟೆಂಬರಿನಲ್ಲಿ, ಇಲ್ಲಿ ಮೇಲೆ ಬಹಳ ಥಂಡಿ, ಕಿವಿ ಮುಚ್ಚುವಂಥ ಟೋಪಿ ಕಳಿಸಿ ಎಂದು ಅವನು ಬರೆದಿದ್ದ. ನೀನು ಹಾಸ್ಟೆಲಿನಲ್ಲಿ ಎಂಟೇ ದಿನದಲ್ಲಿ ಹೆಣೆದು ಹದಿನಾರನೆಯ ತಾರೀಖು, ಭಾನುವಾರ, ಮುಗಿಸಿ ತಂದಿ. ಸೋಮವಾರ ಬೆಳಿಗ್ಗೆಯೇ ಪೋಸ್ಟಿಗೆ ಹಾಕುತ್ತೇನೆ ಎಂದಿ. ನಾನು ಬೇಡವೆಂದೆ. ಪಕ್ಷಮಾಸ ನಡೆದಿದೆ, ಪಿತೃಗಳ ಹದಿನೈದು ದಿನ, ಹೊಸ ವಸ್ತು ಮನೆಯಿಂದ ಹೊರಗೆ ಹೋಗಬಾರದು, ಅದರಲ್ಲೂ ಗಂಡುಮಗನ ತಲೆಗೆ ಹಾಕುವಂಥದ್ದು. ದಸರೆ ಕಳೆಯಲಿ, ಬನ್ನಿ ಮುಡಿದು ಕಳಿಸೋಣ ಎಂದೆ. ‘ಅತ್ತೀ, ಚಳಿಗೇನ ಪಕ್ಷಮಾಸ ಗೊತ್ತದನ?’ ಎಂದು ನೀನು ಒಂದೇ ಮಾತು ಕೇಳಿದಿ. ತಾಯಿ ನಾನೋ ನೀನೋ ಎಂದು ಬಾಯಿ ಮುಚ್ಚಿಸಿದೆ. ಟೋಪಿಯನ್ನು ದೇವರ ಗೂಡಿನಲ್ಲಿಟ್ಟೆ. ಅಕ್ಟೋಬರ್ ಒಂಬತ್ತಕ್ಕೆ ಟಪಾಲಿಗೆ ಹೋಯಿತು. ಮೇಲೆ ಹತ್ತುವ ಹೊತ್ತಿಗೆ ಯುದ್ಧ ಹತ್ತಿ ದಾರಿಯೆಲ್ಲ ಕಟ್ಟಿತ್ತು. ಇಪ್ಪತ್ತೆರಡು ದಿನ ಗಿರಿಜಾ. ಟೋಪಿಯಿಂದ ಅವನು ಉಳಿಯುತ್ತಿದ್ದನೇ ಎಂದು ಭೀಮ ನನ್ನನ್ನು ಸಮಾಧಾನ ಮಾಡುತ್ತಾನೆ. ಉಳಿಯುತ್ತಿದ್ದನೋ ಇಲ್ಲವೋ, ಕಿವಿ ಬೆಚ್ಚಗಿರುತ್ತಿತ್ತು.

ಆ ಟೋಪಿಯನ್ನು ನದಿಗೆ ಬಿಡಲು ಮನಸ್ಸಾಗಲಿಲ್ಲ, ಕಣ್ಣೆದುರು ಇಟ್ಟುಕೊಳ್ಳಲೂ ಆಗಲಿಲ್ಲ. ಒಂದು ದಿನ ಕೂತು ತುದಿ ಹಿಡಿದು ಬಿಚ್ಚಿಬಿಟ್ಟೆ. ನೂಲನ್ನು ಬಿಸಿನೀರಿನಲ್ಲಿ ಅದ್ದಿ, ಸುರುಳಿ ಹೋಗಲೆಂದು ಚೊಂಬು ಕಟ್ಟಿ ಒಣಗಿಸಿ, ಹೊಸದಾಗಿ ಹೆಣೆದೆ. ಕಿವಿಯ ಒಳಮಡಿಕೆಗೆ ಖಾಕಿ ಉಣ್ಣೆ ಸಾಲದೆ ನೀನು ಸೇರಿಸಿದ್ದ ಎರಡು ಮೊಳ ಕೆಂಪು ನೂಲೂ ಇತ್ತು. ನೂಲು ಎಸೆದು ನನಗೆ ಅಭ್ಯಾಸವಿಲ್ಲ, ಅದನ್ನೂ ಒಳಗೇ ಎಲ್ಲೋ ಸೇರಿಸಿದೆ. ಡಿಸೆಂಬರ್ ಕೊನೆಗೆ, ಹಾಸ್ಟೆಲಿನಲ್ಲಿ ಚಳಿ ಇರಬೇಕು, ಓದುವಾಗ ಹಾಕಿಕೋ ಎಂದು ನಿನಗೆ ಕಳಿಸಿದ್ದು ಅದೇ. ಸತ್ತವನ ವಸ್ತುವನ್ನು ಹೆಂಡತಿಯ ತಲೆಗೆ ಏರಿಸಿದ ಅತ್ತೆ ಇನ್ನೊಬ್ಬಳು ಇರಲಿಕ್ಕಿಲ್ಲ. ಉಣ್ಣೆಗೆ ಮೈಲಿಗೆ ಇಲ್ಲ ಎಂದು ಆಗಲೂ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಆ ಉಣ್ಣೆ ಯಾರದಾದರೂ ಕಿವಿಯನ್ನು ಬೆಚ್ಚಗಿಡಲಿ ಎಂಬ ಆಸೆ ಇತ್ತು. ‘ಟೋಪಿ ಮುಟ್ಟಿತು, ಬೆಚ್ಚಗಿದೆ’ ಎಂದು ನೀನು ಒಂದೇ ಸಾಲು ಬರೆದಿ. ಅಲ್ಲಿಂದ ಮುಂದೆ ಶ್ರೀಪಾದನ ವಿಷಯ ಕೇಳುವುದನ್ನೂ ಬಿಟ್ಟಿ. ಓದಿನಲ್ಲಿ ಮುಳುಗಿದ್ದಾಳೆ, ಒಳ್ಳೆಯದೇ ಆಯಿತು ಎಂದುಕೊಂಡೆ.

ನಿನ್ನ ಹೆಸರಿನ ತಂತಿ, ಆಫೀಸರನ ಕಾಗದ, ನಿನ್ನ ಫೋಟೋ ಎಲ್ಲ ದೇವರ ಗೂಡಿನಲ್ಲಿವೆ. ನೀನು ಬಾಗಲಕೋಟೆಗೆ ಹೋಗುತ್ತೇನೆಂದರೂ ತಡೆಯುವ ಮುಖ ನನಗಿಲ್ಲ. ಇಲ್ಲಿಗೆ ಬಂದರೆ ಈ ಮನೆಯಲ್ಲಿ ಒಳಮನೆ ಎಂಬುದಿಲ್ಲ. ಇರುವುದೇ ಒಂದೂವರೆ ಕೋಣೆ, ಬೇಸಿಗೆ ಕಳೆದ ಮೇಲೆ ನೀನು ಶಾಲೆಗೆ ಹೋಗುತ್ತಿ, ನಾನು ಡಬ್ಬಿ ಕಟ್ಟುತ್ತೇನೆ. ಕುಂಕುಮ ಇಡುವುದೋ ಬಿಡುವುದೋ ನಾನು ಹೇಳುವುದಿಲ್ಲ. ಹೇಳಿದ್ದೆಲ್ಲ ಸಾಕಾಗಿದೆ.

ನಿನ್ನ ತಪ್ಪಿತಸ್ಥ ಅತ್ತೆ,
ಪದ್ಮಾವತಿ

ತಾ.ಕ. — ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಪೋಸ್ಟಿನವನು ನಿನ್ನ ಪಾರ್ಸೆಲು ತಂದುಕೊಟ್ಟ. ಮೊನ್ನೆ ಕಡೆಯ ಪೇಪರು ಮುಗಿದ ಸಂಜೆಯೇ ಹಾಕಿದ್ದಿ. ಒಳಗೆ ಸಣ್ಣ ಗುಂಡನೆಯ ಟೋಪಿ, ಅದೇ ಖಾಕಿ ಉಣ್ಣೆ, ನಾನು ಹೆಣೆದದ್ದನ್ನು ನೀನು ಮತ್ತೆ ಬಿಚ್ಚಿ ಹೆಣೆದದ್ದು. ಚೀಟಿ ಓದಿದೆ. ಒಳಮಡಿಕೆಯ ಕೆಂಪು ನೂಲು ನಿನ್ನ ಹಳೆಯ ಸ್ವೆಟರಿನದು, ಅವನಿಗೆ ಕಳಿಸಿದ್ದೇ ತಿರುಗಿ ಬಂದಿದೆ ಎಂದು ನನ್ನ ಪಾರ್ಸೆಲು ಬಿಚ್ಚಿದ ದಿನವೇ ಗುರುತಾಯಿತೆಂದು ಬರೆದಿದ್ದಿ. ಪರೀಕ್ಷೆ ಆಗಲೆಂದು ಅತ್ತೆ ಬಾಯಿ ಮುಚ್ಚಿಕೊಂಡಿದ್ದಾರೆ, ಆದ್ದರಿಂದ ನಾನೂ ಮುಚ್ಚಿಕೊಂಡೆ, ಎಲ್ಲ ಪೇಪರುಗಳನ್ನೂ ಬರೆದೆ ಎಂದಿದ್ದಿ. ಎರಡು ತಿಂಗಳು ಆ ಹಾಸ್ಟೆಲಿನಲ್ಲಿ ದಿನವೂ ಕುಂಕುಮ ಇಟ್ಟುಕೊಂಡು ಯಾರಿಗೂ ಹೇಳದೆ ಹೇಗೆ ಇದ್ದೆಯೇ ತಾಯಿ? ನಿನ್ನನ್ನು ಒಳಮನೆಯಿಂದ ಉಳಿಸಲು ಹೋಗಿ ನಾನೇ ಒಂದು ಒಳಮನೆ ಕಟ್ಟಿಕೊಟ್ಟೆ. ‘ಅಳತೆಯ ದಾರ ನೀವು ಕಿತ್ತುಕೊಂಡರೂ ಅಳತೆ ನೆನಪಿತ್ತು’ ಎಂದು ಕೊನೆಗೆ ಬರೆದಿದ್ದಿ. ಪಕ್ಷಮಾಸದ ಮಾತು ಮಾತ್ರ ಒಂದಕ್ಷರವೂ ಇಲ್ಲ. ನೀನು ಅದನ್ನು ಮರೆಯುವವಳಲ್ಲ, ನನಗೆ ಗೊತ್ತು. ವೈನಿಗೆ ಎಲ್ಲ ತಿಳಿದೇ ಇದ್ದ ಮೇಲೆ ಈ ಕಾಗದ ಯಾಕೆ ಎಂದು ಭೀಮ ಕೇಳಿದ. ತೊಗೊಂಡು ಹೋಗು, ಅವಳು ಬಿಟ್ಟ ಮಾತು ಇದರಲ್ಲಿದೆ ಎಂದೆ. ಟೋಪಿ ಹಾಕಿಕೊಂಡೇ ಇಷ್ಟು ಬರೆದಿದ್ದೇನೆ. ಹಿತ್ತಲಲ್ಲಿ ಬಿಸಿಲು ಏರಿ ಸೆಕೆಯಾಗುತ್ತಿದೆ, ತೆಗೆದಿಲ್ಲ.