ನೀನು ಮೊದಲು ಕರೆ ಮಾಡಿದ್ದು ಅವರಿಗೆ

ನನ್ನ ಲಕ್ಷ್ಮೀಪ್ರಿಯಾಗೆ, ಆರ್.ಎಸ್. ಪುರಂನಿಂದ ಅಮ್ಮ ಬರೆಯುವುದು.

ಫೋನ್ ಇರುವಾಗ ಕಾಗದವೇಕೆ ಎಂದು ನೀನು ನಗಬಹುದು. ಫೋನಿನಲ್ಲಿ ಮಾತಾಡಿದರೆ ಪಕ್ಕದಲ್ಲಿ ನಿನ್ನ ಅತ್ತೆ ಇರುತ್ತಾರೆ. ವಾಟ್ಸಾಪಿನಲ್ಲಿ ತಮಿಳಲ್ಲಿ ಬರೆದರೆ ನಿನ್ನ ಗಂಡ ಮೋಹನ್ ರಾಜ್ ಓದುತ್ತಾನೆ. ಕಿಣತ್ತುಕಡವಿನ ಆ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದಲು ಬರುವುದು ಮಾತ್ರ ನಿನಗೊಬ್ಬಳಿಗೇ. ಬೇಸಿಗೆ ರಜೆಗಳಲ್ಲಿ ನಿನ್ನನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸಿದವಳು ನಾನು. ಇದಾದರೂ ನಮ್ಮಿಬ್ಬರ ನಡುವೆಯೇ ಇರಲಿ.

ಸುತ್ತಿ ಬಳಸಿ ಹೇಳುವುದಿಲ್ಲ. ನಿನ್ನ ಅತ್ತೆ ಪಳನಿಯಮ್ಮಾಳ್ ಅವರನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಚಿಕ್ಕಪ್ಪನ ಮನೆಯ ಸೀಮಂತದ ಊಟದಲ್ಲಿ ಅವರು ನನ್ನ ಪಕ್ಕದ ಎಲೆಗೆ ಕೂತಿದ್ದರು. ನೀನು ಒಳಗೆ ಬಸುರಿಗೆ ಬಳೆ ತೊಡಿಸುತ್ತಿದ್ದೆ. ನಮ್ಮ ಎದುರುಮನೆಯ ಶಿವಗಾಮಿ, ತನ್ನ ಮಗಳು ದಿನಾ ಆ್ಯಪ್ ಕಾರಿನಲ್ಲಿ ಓಡಾಡುತ್ತಾಳೆ, ಭಯವಾಗುತ್ತದೆ ಎಂದಳು. ನಿನ್ನ ಅತ್ತೆ ನನ್ನತ್ತ ತಿರುಗಿ, "ಸಂಬಂಧಿಯಮ್ಮಾ, ನಮ್ಮ ಪ್ರಿಯಾಗೆ ಆದದ್ದು ನಿಮ್ಗೆ ಹೇಳಿರ್ತಾಳಲ್ಲ?" ಎಂದರು.

ನಮ್ಮ ಪ್ರಿಯಾ. "ಹೇಳಿದಳು" ಎಂದೆ. ಇನ್ನೇನು ಹೇಳಲಿ? ಆಮೇಲೆ ಅವರು ಶಿವಗಾಮಿಗೆ ಎಲ್ಲವನ್ನೂ ವಿವರಿಸಿದರು. ನನ್ನ ಮಗಳಿಗೆ ಆದದ್ದನ್ನು ನಾನು ಸಾಂಬಾರು ಅನ್ನ ಕಲಸುತ್ತಾ, ಮೊದಲೇ ಗೊತ್ತಿದ್ದವಳಂತೆ ತಲೆಯಾಡಿಸುತ್ತಾ ಕೇಳಿದೆ.

ಸೋಮನೂರಿನ ಮಗ್ಗದ ಶೆಡ್ಡಿನಲ್ಲಿ ಬಟ್ಟೆ ಪರೀಕ್ಷೆ ಮುಗಿಸಿ ಮಧ್ಯಾಹ್ನ ನೀನು ಕಾರು ಬುಕ್ ಮಾಡಿದೆಯಂತೆ. ಬಂದ ಕಾರಿನ ನಂಬರೇ ಬೇರೆ. ಆ ಗಾಡಿ ವರ್ಕ್‌ಶಾಪಿನಲ್ಲಿದೆ, ಇದು ಅಣ್ಣನದು ಎಂದನಂತೆ ಡ್ರೈವರ್. ಬಿಸಿಲಲ್ಲಿ ನಿಂತು ಸಾಕಾಗಿತ್ತು, ಹತ್ತಿಬಿಟ್ಟೆ. ಬೈಪಾಸಿನಲ್ಲಿ, ಟ್ರಿಪ್ ಕ್ಯಾನ್ಸಲ್ ಮಾಡಿ ಕೈಗೇ ದುಡ್ಡು ಕೊಡಿ ಎಂದ. ನೀನು ಒಪ್ಪದಿದ್ದಾಗ ಅವನೇ ಕ್ಯಾನ್ಸಲ್ ಮಾಡಿದ. ನಿನ್ನ ಪರದೆಯಿಂದ ದಾರಿ ಮಾಯವಾಯಿತು. ಪೊಳ್ಳಾಚಿ ರಸ್ತೆ ಹಿಡಿಯಬೇಕಾದವನು ತೆಂಗಿನ ತೋಟಗಳ ನಡುವಿನ ಸಣ್ಣ ದಾರಿಗೆ ತಿರುಗಿಸಿದ. ಹತ್ತಿರದ ದಾರಿ ಎಂದ. ಬಾಗಿಲು ಒಳಗಿನಿಂದ ತೆರೆಯಲಿಲ್ಲ.

ಆಗ ನೀನು ಫೋನ್ ತೆಗೆದೆ, ಪ್ರಿಯಾ. ಅವರಿಗೆ ಮಾಡಿದೆ.

ಅವರು ತಮ್ಮ ಗೊಬ್ಬರದ ಅಂಗಡಿಯಲ್ಲಿ ಒಬ್ಬರೇ ಇದ್ದರಂತೆ. ನಿನ್ನ ಮಾವ ಪೊಳ್ಳಾಚಿಗೆ, ಮೋಹನ್ ರಾಜ್ ಕೆಲಸಕ್ಕೆ. "ಬಯಪಡ್‌ಬೇಡ ಕಣ್ಣು, ಪೋನು ಸ್ಪೀಕರಲ್ಲಿ ಹಾಕು" ಎಂದು, ಆಮೇಲೆ ಡ್ರೈವರನಿಗೆ ಕೇಳುವಂತೆ ತಮಿಳಿನಲ್ಲಿ ಜೋರಾಗಿ ಶುರುಮಾಡಿದರಂತೆ. ಗಾಡಿ ನಂಬರು ಬರೆದುಕೊಂಡಿದ್ದೇನೆ, ಪೊಲೀಸರಿಗೆ ಹೇಳಿಯಾಗಿದೆ, ಮಾವ ನಾಲ್ಕು ಜನರನ್ನು ಕಟ್ಟಿಕೊಂಡು ಬೈಕಿನಲ್ಲಿ ಹೊರಟಿದ್ದಾರೆ, ಆ ದಾರಿ ಬಂದು ಸೇರುವ ಕಡೆಯೇ ನಿಂತಿರುತ್ತಾರೆ. ಒಂದೂ ನಿಜವಲ್ಲ. ನಿಜವಾಗಿ ಅವರ ಕೈಯಲ್ಲಿದ್ದ ತಕ್ಕಡಿಯ ಕಲ್ಲು ಕೆಳಗೆ ಬಿತ್ತಂತೆ. ಆದರೂ ಮಾತು ನಿಲ್ಲಿಸಲಿಲ್ಲ. ಅವನು ಕಾರು ತಿರುಗಿಸಿ, ದೊಡ್ಡ ರಸ್ತೆಯ ಪೆಟ್ರೋಲ್ ಬಂಕಿನ ಮುಂದೆ ನಿನ್ನನ್ನು ಇಳಿಸಿ ಓಡಿದ. ಅವರು ಅಂಗಡಿ ಮುಚ್ಚಿ ಸ್ಕೂಟಿಯಲ್ಲಿ ಬಂದು, ನಿನಗೆ ನೀರು ಕುಡಿಸಿ, ಅಲ್ಲಿಂದ ನೇರ ಠಾಣೆಗೆ ಕರೆದುಕೊಂಡು ಹೋದರು. ಬೇರೆ ಯಾರದೋ ಹೆಸರಿನಲ್ಲಿ ಕಾರು ಓಡಿಸುತ್ತಿದ್ದವನು ಸಿಕ್ಕಿಬಿದ್ದ.

ಊಟ ಮುಗಿದ ಮೇಲೆ ಕೈ ತೊಳೆಯುವ ಕಡೆ ನಿನ್ನನ್ನು ಹಿಡಿದು ಕೇಳಿದೆ, ನನಗೇಕೆ ಹೇಳಲಿಲ್ಲ ಎಂದು. ನೀನು ನಲ್ಲಿ ನೋಡುತ್ತಾ, "ಅಮ್ಮಾ, ನಿನಗೆ ಹೇಳಿದ್ರೆ ಕೆಲಸ ಬಿಡು ಅಂತೀಯ" ಎಂದೆ.

ಹೌದು, ಅನ್ನುತ್ತಿದ್ದೆ. ಯಾವ ತಾಯಿ ಅನ್ನುವುದಿಲ್ಲ? ಆದರೆ ಅವರು ಅನ್ನಲಿಲ್ಲವಲ್ಲ. ಆ ಘಟನೆಯ ಮಾರನೆಯ ದಿನ ನಿನ್ನ ಜೊತೆ ಅದೇ ಸೋಮನೂರಿಗೆ ಹೋಗಿ, ಶೆಡ್ಡಿನ ಹೊರಗೆ ಕೂತಿದ್ದರಂತೆ. ಇದನ್ನು ಕೇಳಿದ ಮೇಲೆ ನನ್ನ ಸಂಕಟ ಇನ್ನೂ ಹೆಚ್ಚಾಯಿತು. ನಿಮ್ಮಪ್ಪನ ಹತ್ತಿರ ಹೇಳಿಕೊಂಡರೆ, "ಮಗಳು ಕ್ಷೇಮವಾಗಿದ್ದಾಳಲ್ಲ ವಾರಿಜಾ, ಇನ್ನೇನು ಬೇಕು ನಿನಗೆ" ಎಂದು ಪೇಪರ್ ಮಡಚಿದರು. ಏನು ಬೇಕು ಎಂದು ಅವರಿಗೆ ಹೇಗೆ ಹೇಳಲಿ? ನೀನು ಹೆದರಿದ ಗಳಿಗೆಯಲ್ಲಿ ನಿನ್ನ ಬಾಯಿಂದ ಬಂದ ಮೊದಲ ಮಾತು ನನ್ನ ಕಿವಿಗೆ ಬೀಳಬೇಕಿತ್ತು. ಅವರ ಕಿವಿಗೆ ಬಿತ್ತು. ಹಾಗೆಂದು ಆ ಹೊತ್ತಿನಲ್ಲಿ ನಾನು ಅಷ್ಟು ಸುಳ್ಳು ಹೇಳಬಲ್ಲೆನೇ ಎಂದು ಕೇಳಿಕೊಂಡರೆ, ಉತ್ತರ ನನಗೆ ಇಷ್ಟವಾಗುವುದಿಲ್ಲ.

ಹೋದ ವಾರ ನಿಮ್ಮಪ್ಪ ಊರಲ್ಲಿರಲಿಲ್ಲ. ಕಣ್ಣು ತೋರಿಸಲು ಒಬ್ಬಳೇ ಆಟೋ ಬುಕ್ ಮಾಡಿದೆ. ಮೊದಲ ಸಲ. ನಂಬರ್ ಹೊಂದಿಸಿ ನೋಡಿದೆ, ಡ್ರೈವರನ ಬಾಯಿಂದಲೇ ಅವನ ಹೆಸರು ಹೇಳಿಸಿದೆ, ಆಮೇಲೇ ಹತ್ತಿದೆ. ದಾರಿಯನ್ನು ಯಾರಿಗಾದರೂ ಕಳಿಸು ಎಂದು ಫೋನ್ ಕೇಳಿತು. ನಿನ್ನ ಹೆಸರಿನ ಮೇಲೆ ಬೆರಳಿಟ್ಟೆ. ಒಬ್ಬಳೇ ಏಕೆ ಹೊರಟೆ, ನಾನು ಬರುವವರೆಗೆ ಕಾಯಬಾರದಿತ್ತೇ ಎಂದು ಗದರುತ್ತೀಯ ಅನ್ನಿಸಿತು. ನಿನ್ನ ಅತ್ತೆಗೆ ಕಳಿಸಿದೆ. ಕೂಡಲೇ ಫೋನ್ ಬಂತು. "ಸಂಬಂಧಿಯಮ್ಮಾ, ಇಳಿಯೋವರ್ಗೂ ಮಾತಾಡ್ತಿರಣ" ಎಂದರು. ಆಸ್ಪತ್ರೆಯ ಬಾಗಿಲವರೆಗೆ ಬೆಂಡೆಕಾಯಿ ಹುಳಿಯ ವಿಷಯ ಮಾತಾಡಿದರು. ನನಗೆ ಭಯವೇ ಆಗಲಿಲ್ಲ. ಇಳಿದ ಮೇಲೆ ಮತ್ತೆ ಹೊಟ್ಟೆ ಉರಿಯಿತು. ನಿನಗೆ ಆ ದಿನ ಸಿಕ್ಕಿದ್ದು ಏನು ಎಂದು ಆಗ ತಿಳಿಯಿತು.

ಅವರ ಜಾಗ ನನಗೆ ಬೇಡ, ಕೇಳಿದರೂ ನೀನು ಕೊಡುವುದಿಲ್ಲ. ನೀನು ದಾರಿ ಕಳಿಸುವವರ ಪಟ್ಟಿಯಲ್ಲಿ ಅವರ ಹೆಸರಿನ ಕೆಳಗೆ ನನ್ನದನ್ನೂ ಸೇರಿಸು. ನೀನು ಕಾರು ಹತ್ತಿದಾಗಲೆಲ್ಲ ನನ್ನ ಫೋನಿಗೂ ಬರಲಿ. ಕೆಲಸ ಬಿಡು ಎಂದು ಹೇಳುವುದಿಲ್ಲ. ಹೇಳಬೇಕೆನಿಸಿದರೆ ನಿಮ್ಮಪ್ಪನಿಗೆ ಹೇಳಿಕೊಳ್ಳುತ್ತೇನೆ.

ನಂಬರ್ ಹೊಂದದ ಗಾಡಿಯನ್ನು ಎಂಥ ಬಿಸಿಲಿದ್ದರೂ ಹತ್ತಬೇಡ. ದೇವರು ನಿನಗೆ ನೂರು ವರ್ಷ ಕೊಡಲಿ. ನಿನ್ನ ಅತ್ತೆಗೂ ದೀರ್ಘಾಯುಸ್ಸು ಕೊಡಲಿ. ನನಗೆ ಕೊಟ್ಟಷ್ಟೇ ಕೊಡಲಿ, ಒಂದು ದಿನವೂ ಹೆಚ್ಚು ಬೇಡ.

ನಿನ್ನನ್ನು ಹೆತ್ತ,
ವಾರಿಜಾಕ್ಷಿ