ಅವತ್ತು ಇಂಜಿನ್ ಬಿಸಿಯಾಗಿರಲಿಲ್ಲ, ಮಾವಾರ

ಮಾವಾರ,

ನಿಮ್ಮ ಸೊಸೆ ರೇಣುಕಾ ಬರೆಯುತ್ತಿದ್ದೇನೆ, ಪುಣೆಯ ಭೋಸರಿಯಿಂದ. ನೀವಿದ್ದಾಗ ನಿಮಗೆ ಒಂದೂ ಕಾಗದ ಬರೆದವಳಲ್ಲ ನಾನು. ಎಲ್ಲ ಫೋನಿನಲ್ಲೇ ಮುಗಿಯುತ್ತಿತ್ತು. ನಮ್ಮ ಕೊನೆಯ ಮಾತೂ ಫೋನಿನಲ್ಲೇ ಆಯಿತು. ಅದನ್ನೇ ಹೇಳಬೇಕು, ಆದರೆ ಎಲ್ಲಿಂದ ಶುರು ಮಾಡಲಿ…

ಮದುವೆಯಾಗಿ ಬಂದ ಹೊಸದರಲ್ಲಿ, ದೌಂಡಿನ ಮನೆಯಂಗಳದಲ್ಲಿ ನೀವು ಟ್ರ್ಯಾಕ್ಟರಿನ ಬಾನೆಟ್ ಎತ್ತಿ, ರೇಡಿಯೇಟರಿನ ಮೇಲೆ ಅಂಗೈಯಿಟ್ಟು, ಮಗುವಿನ ಜ್ವರ ನೋಡುವವರ ಹಾಗೆ ನಿಂತಿದ್ದಿರಿ. ರೈಲ್ವೆ ಶೆಡ್ಡಿನಲ್ಲಿ ಫಿಟ್ಟರ್ ಕೆಲಸ ಮುಗಿಸಿ, ನಿವೃತ್ತಿಯ ಮೇಲೆ ಆ ಹಳೆಯ ಗಾಡಿ ಕೊಂಡು, ಸುತ್ತಲಿನವರ ಕಬ್ಬು ಸಾಗಿಸುತ್ತಿದ್ದಿರಿ. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಯಾವ ಕಾಲದಲ್ಲೋ ಕೆಟ್ಟು, ತಣ್ಣಗಿನ ಗೆರೆಯ ಮೇಲೇ ಮಲಗಿತ್ತು. ನಿಮಗೆ ಅದರ ಚಿಂತೆಯೇ ಇರಲಿಲ್ಲ. ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ತಯಾರಾಗುವುದು ಅಂಥ ಮುಳ್ಳಿಗೆ ಸುದ್ದಿ ಮುಟ್ಟಿಸುವ ಸೆನ್ಸರೇ. ದಿನಕ್ಕೆ ನೂರಾರು ಸೆನ್ಸರುಗಳನ್ನು ಬಿಸಿ ಎಣ್ಣೆಯಲ್ಲಿ ಅದ್ದಿ ಪರೀಕ್ಷಿಸುವವಳು ನಾನು. ಮನೆಯ ಗಾಡಿಯಲ್ಲೇ ಅದು ಸತ್ತಿರುವಾಗ ಸುಮ್ಮನಿರುವುದು ಹೇಗೆ?

ಭಾನುವಾರಗಳಲ್ಲಿ ನಾವು ಭೋಸರಿಯಿಂದ ದೌಂಡಿಗೆ ಬರುತ್ತಿದ್ದೆವು. ಹಾಗೆ ಒಂದು ಭಾನುವಾರ ಹೊಸ ಸೆನ್ಸರ್ ತಂದಾಗ, ಅತ್ತೆಯವರ ಪಾತ್ರೆಯಲ್ಲಿ ನೀರು ಕಾಯಿಸಿ ಮೊದಲು ನಿಮಗೇ ಪರೀಕ್ಷೆ ಮಾಡಿ ತೋರಿಸಿದೆ. ನೀರು ಬಿಸಿಯಾದಂತೆ ಸೆನ್ಸರಿನ ರೋಧ ಕಡಿಮೆಯಾಗಿ ಮೀಟರಿನ ಅಂಕಿ ಇಳಿಯುವುದನ್ನು ನೀವು ಕನ್ನಡಕ ಹಾಕಿಕೊಂಡು, ಬಗ್ಗಿ ನೋಡಿದಿರಿ. ಮತ್ತೊಮ್ಮೆ ಮಾಡು ಅಂದಿರಿ. ಮೂರು ಸಲ ಮಾಡಿಸಿದಿರಿ. ಆ ಪಾತ್ರೆಯಲ್ಲಿ ಇನ್ನು ಚಹಾ ಮಾಡುವುದಿಲ್ಲ ಎಂದು ಅತ್ತೆಯವರು ಸಿಟ್ಟಾದರು. ಸೆನ್ಸರನ್ನು ನೀವು ಕೂರಿಸಿದಿರಿ. ವೈರು ಗಿಡ್ಡವಾಗಿತ್ತು. ಒಂದು ತುಂಡು ಜೋಡಿಸಿ, ಇಂಜಿನ್ ಪಕ್ಕದ ಕಬ್ಬಿಣದ ಪಟ್ಟಿಯ ಮೇಲಿಂದ ಎಳೆದು ತಂದವಳು ನಾನು. ಪಟ್ಟಿಯ ಅಂಚು ಚೂಪಾಗಿತ್ತು. ಕಂಡಿತ್ತು ನನಗೆ. ಒಂದು ಕ್ಲಿಪ್ ಹಾಕಿ ಬಿಗಿಯಬೇಕು, ಮುಂದಿನ ವಾರ ತಂದರಾಯಿತು ಅಂದುಕೊಂಡೆ. ಮುಂದಿನ ವಾರ ಮರೆತೆ. ಅದರ ಮುಂದಿನ ವಾರವೂ…

ಗಾಡಿ ಶುರು ಮಾಡಿದಾಗ ಮುಳ್ಳು ಮೆಲ್ಲಗೆ ಎದ್ದು ನಡುವೆ ನಿಂತಿತು. ನಿಮ್ಮ ಮುಖದಲ್ಲಿ ಎಂಥ ಸಂತೋಷ! ಓಣಿಯವರನ್ನೆಲ್ಲ ಕರೆದು, ನಮ್ಮ ಸೊಸೆ ಮಾಡಿದ್ದು ಎಂದು ಮರಾಠಿಯಲ್ಲಿ ಹೇಳಿದಿರಿ. ನಾನು ಆ ಹೊಗಳಿಕೆಗೆ ಉಬ್ಬಿ, ಇನ್ನು ಮೇಲೆ ಕೈಯನ್ನು ನಂಬಬೇಡಿ, ಮುಳ್ಳು ಕೆಂಪಿಗೆ ಹೋದರೆ ಅಲ್ಲೇ ನಿಲ್ಲಿಸಿ ಎಂದು ನಿಮ್ಮಿಂದ ಮಾತು ತೆಗೆದುಕೊಂಡೆ. ನೀವು ನಕ್ಕಿರಿ, ಆದರೆ ಮಾತು ಕೊಟ್ಟಿರಿ.

ಚೈತ್ರದ ಆ ಮಧ್ಯಾಹ್ನ ನಾನು ಕೆಲಸದ ಮೇಜಿನ ಮುಂದಿದ್ದಾಗ ನಿಮ್ಮ ಫೋನ್ ಬಂತು. ಹಂಗಾಮಿನ ಕೊನೆಯ ಕಬ್ಬು ಹೇರಿಕೊಂಡು ಕಾಲುವೆಯ ರಸ್ತೆಯಲ್ಲಿದ್ದಿರಿ.

"ಮುಳ್ಳು ಕೆಂಪಿಗೆ ಹೋಗ್ಯಾದವಾ. ಕೈ ಇಟ್ಟು ನೋಡಿದೆ, ಅಷ್ಟೇನ್ ಬಿಸಿ ಅನಸವಲ್ದು. ಹೋಗಲೇನು?"

ಸೂಪರ್‌ವೈಸರ್ ನನ್ನ ಕಡೆಗೇ ನೋಡುತ್ತಿದ್ದ. ಬೇಗ ಮುಗಿಸಬೇಕಿತ್ತು.

"ಬ್ಯಾಡ್ರಿ ಮಾವಾರ. ಮುಳ್ಳು ನಂಬ್ರಿ. ತಣ್ಣಗಾಗೂತನಕ ನಿಲ್ಲಸ್ರಿ, ಆಮ್ಯಾಲೆ ನೀರು ಹಾಕ್ರಿ."

"ಆತವಾ. ನೀ ಹೇಳಿದಂಗ."

ಅಷ್ಟೇ. ರೇಡಿಯೇಟರಿನಿಂದ ಹಬೆ ಏಳುತ್ತಿದೆಯಾ ಎಂದು ನಾನು ಯಾಕೆ ಕೇಳಲಿಲ್ಲ? ಸೆನ್ಸರಿನ ವೈರು ಕಿತ್ತು ನೋಡಿ, ಮುಳ್ಳು ಕೆಳಗಿಳಿಯದಿದ್ದರೆ ಇಂಜಿನ್ನಿಗೆ ಏನೂ ಆಗಿಲ್ಲ, ದೋಷ ವೈರಿನಲ್ಲಿದೆ ಎಂದು ಯಾಕೆ ಹೇಳಲಿಲ್ಲ? ಕಾರ್ಖಾನೆಗೆ ಬರುವ ಹೊಸಬರಿಗೆ ನಾನೇ ಮೊದಲ ದಿನ ಕಲಿಸುವ ಪಾಠ ಅದು. ಅರ್ಧ ನಿಮಿಷದ ಕೆಲಸ.

ನೀವು ನೀರಿನ ಕ್ಯಾನು ಹಿಡಿದು ದೂರದ ಬಾವಿಗೆ ಹೋದಿರಂತೆ. ನೆರಳಿಲ್ಲದ ದಾರಿ. ಹಿಂದೆ ಬರುತ್ತಿದ್ದ ಗಾಡಿಯವರು ನಿಮ್ಮನ್ನು ಕಂಡಾಗ ನೀವು ದಾರಿಯ ಬದಿಯಲ್ಲಿ ಬಿದ್ದಿದ್ದಿರಿ, ಕ್ಯಾನು ತುಂಬಿಯೇ ಇತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಬಿಸಿಲಿಗೆ ಹೃದಯ ತಡೆಯಲಿಲ್ಲ ಎಂದರು ಡಾಕ್ಟರು.

ಹದಿಮೂರು ದಿನ ಕಳೆದ ಮೇಲೆ ನಿಮ್ಮ ಮಗ ಟ್ರ್ಯಾಕ್ಟರ್ ಮಾರೋಣ ಅಂದರು. ಕೊಳ್ಳುವವರು ಬರುವ ಮೊದಲು ಒಮ್ಮೆ ನೋಡೋಣವೆಂದು ನಾನೊಬ್ಬಳೇ ಹೋಗಿ ಕೀಲಿ ತಿರುವಿದೆ. ಅವತ್ತು ಬೇರೆ ಗಾಡಿಗೆ ಕಟ್ಟಿ ಎಳೆದು ತಂದ ಮೇಲೆ ಎರಡು ವಾರ ಸುಮ್ಮನೆ ನಿಂತ, ಕಲ್ಲಿನ ಹಾಗೆ ತಣ್ಣಗಿದ್ದ ಇಂಜಿನ್. ಮುಳ್ಳು ಒಂದೇ ಏಟಿಗೆ ಕೆಂಪಿಗೆ ಹಾರಿತು. ಆ ಕ್ಷಣವೇ ನನಗೆ ತಿಳಿಯಿತು, ಆದರೂ ಇಳಿದು ಸೆನ್ಸರಿನ ವೈರು ಕಿತ್ತೆ. ಮುಳ್ಳು ಕೆಳಗಿಳಿಯಲಿಲ್ಲ. ವೈರಿನುದ್ದಕ್ಕೂ ಬೆರಳಾಡಿಸುತ್ತ ಬಂದೆ. ಆ ಪಟ್ಟಿಯ ಅಂಚಿನಲ್ಲಿ ಪ್ಲಾಸ್ಟಿಕ್ ಸವೆದು, ಒಳಗಿನ ತಾಮ್ರ ಕಬ್ಬಿಣಕ್ಕೆ ತಾಗಿತ್ತು. ಎತ್ತಿ ಹಿಡಿದೆ, ಮುಳ್ಳು ಇಳಿಯಿತು. ಬಿಟ್ಟೆ, ಏರಿತು. ಎಷ್ಟು ಸಲ ಹಾಗೆ ಮಾಡಿದೆನೋ… ಟೇಪು ಸುತ್ತಿ, ಕ್ಲಿಪ್ ಹಾಕಿ ಬಿಗಿದು, ಒಳಗೆ ಹೋಗಿ ಎಲ್ಲರಿಗೂ ಬಡಿಸಿದೆ. ಯಾರಿಗೂ ಹೇಳಲಿಲ್ಲ.

ಮನೆಗೆ ಯಾರೇ ಬಂದರೂ ಅತ್ತೆಯವರು ಇಂಜಿನ್ನಿಗೆ ಶಾಪ ಹಾಕುತ್ತಿದ್ದರು. ಅದು ಕಾದು ಕೆಂಡವಾಗಿ ಅವರನ್ನು ಬಿಸಿಲಿಗೆ ಕಳಿಸಿತು ಅನ್ನುತ್ತಿದ್ದರು. ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ. ಮಳೆಗಾಲ ಕಳೆಯಿತು, ದೀಪಾವಳಿಯೂ ಕಳೆಯಿತು.

ಹೋದ ಭಾನುವಾರ ಅತ್ತೆಯವರು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಗ ಎದುರಿಗೆ ಕೂತು ಎಲ್ಲ ಹೇಳಿಬಿಟ್ಟೆ. ವೈರು, ಅಂಚು, ತರಲು ಮರೆತ ಕ್ಲಿಪ್, ಫೋನಿನಲ್ಲಿ ನಾನಾಡಿದ ಮಾತು, ಎಲ್ಲ. ಅವರ ಕೈ ನಿಂತಿತು. ಹಿಡಿದಿದ್ದ ಸೊಪ್ಪಿನ ಕಡ್ಡಿಯನ್ನು ಕೆಳಗಿಟ್ಟು ಕೇಳಿದರು.

"ಹಂಗಾದ್ರ ಅವರು ಹೇಳಿದ್ದ ಖರೇ ಇತ್ತು?"

"ಹೌದ್ರಿ ಅತ್ತಿ."

"ಸುಮ್ನ ಗಾಡಿ ಹೊಡಕೊಂಡು ಬಂದಿದ್ರ ಮನಿಗೆ ಬರ್ತಿದ್ರು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೊಪ್ಪನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಪುಣೆಯ ರೈಲಿನ ಹೊತ್ತಾದಾಗ, ಮುಚ್ಚಿದ ಬಾಗಿಲಿಗೇ ಬರುತ್ತೇನೆ ಎಂದು ಹೇಳಿ ಹೊರಟೆ. ಆ ಸಂಜೆ ನಿಮ್ಮ ಮಗನಿಗೂ ಹೇಳಿದೆ. ಅವರು ಊಟ ಬಿಟ್ಟು ಎದ್ದು ಹೋದವರು, ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ.

ನಿಮಗೆ ಹೇಳುವುದೊಂದೇ ಉಳಿದಿತ್ತು. ನಿಮ್ಮ ಇಂಜಿನ್ನಿಗೆ ಏನೂ ಆಗಿರಲಿಲ್ಲ, ಮಾವಾರ. ನಿಲ್ಲಿಸಿದ್ದು ನಾನು. ಕ್ಷಮಿಸಿ ಎಂದು ಬರೆಯಲು ಪೆನ್ನು ಹಿಡಿದೆ, ಆ ಮಾತು ಬರೆಯಲು ಕೈ ಬರುತ್ತಿಲ್ಲ.

ಇವತ್ತು ಬೆಳಿಗ್ಗೆ ಅತ್ತೆಯವರ ಫೋನ್ ಬಂತು. ಹೇಗಿದ್ದೀ ಎಂದು ಕೇಳಲಿಲ್ಲ. "ಐತಾರ ಬರ್ತೀ ಇಲ್ಲೋ?" ಅಂದರು.

ಬರ್ತೀನ್ರಿ ಅಂದೆ. ಹೋಗುತ್ತೇನೆ, ಮಾವಾರ. ಅವರು ಮಾತಾಡಲಿ, ಬಿಡಲಿ, ಪ್ರತಿ ಭಾನುವಾರವೂ ಹೋಗುತ್ತೇನೆ.

ನಿಮ್ಮ ಸೊಸೆ,
ರೇಣುಕಾ